ಎರಡು ಒಡಕು ಪ್ಲೇಟು, ಒಂದು ಹಾಡು

ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನೂರಕ್ಕೂ ಹೆಚ್ಚು ಗ್ರಾಮಾಫೋನ್ ರೆಕಾರ್ಡುಗಳಿವೆ. ನಮ್ಮ ಧಾರವಾಡದ ಕಡೆ ಇವನ್ನು 'ಪ್ಲೇಟು' ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅರ್ಧಕ್ಕರ್ಧ ಕನ್ನಡದವು. ಉಳಿದವು ಮರಾಠಿ ನಾಟ್ಯಗೀತೆ, ಹಿಂದುಸ್ತಾನಿ ಗಾಯನ, ಹಳೆಯ ಹಿಂದಿ ಸಿನಿಮಾದವು. ಬ್ಯಾಂಕಿನ ನೌಕರಿಯಲ್ಲಿದ್ದಷ್ಟು ಕಾಲ ಭಾನುವಾರಕ್ಕೊಂದು, ಹಬ್ಬಕ್ಕೊಂದು ಎಂದು ಕೂಡಿಸಿದ್ದು. "ಕಪಾಟಿನ ಹಲಗಿ ಬಾಗೇದ ನೋಡ್ರಿ, ಇನ್ನೊಂದು ತಂದ್ರ ಗ್ವಾಡಿನೂ ಬಾಗ್ತದ" ಎಂದು ಮನೆಯವಳು ಎಚ್ಚರಿಸುತ್ತಲೇ ಇರುತ್ತಾಳೆ. ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ಒಂದೊಂದು ಪ್ಲೇಟು ಹೆಚ್ಚುಕಡಿಮೆ ಕಾಲು ಕಿಲೋ ತೂಗುತ್ತದೆ.

ನಿವೃತ್ತನಾದ ಮೇಲೆ ಇವನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಕೇಳಿದವರಿಗೆಲ್ಲ ಪುಕ್ಕಟೆ ಕಳಿಸುತ್ತಿದ್ದೇನೆ. "ಅಷ್ಟು ಕಷ್ಟಪಟ್ಟು ಕೂಡಿಸಿದ್ದನ್ನು ಹೀಗೆ ಹಂಚಿಬಿಡುತ್ತೀರಲ್ಲ, ನಿಮಗೇನು ಉಳಿಯಿತು?" ಎಂದು ಕೇಳಿದವರು ಬಹಳ ಮಂದಿ. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳಿಬಿಡುತ್ತೇನೆ.

ಈಗಿನ ಹುಡುಗರು ತಿರುಗುವ ಎಲ್ಲ ತಟ್ಟೆಗಳನ್ನೂ 'ವಿನೈಲ್' ಎನ್ನುತ್ತಾರೆ. ನನ್ನಲ್ಲಿರುವ ಹೆಚ್ಚಿನವು ವಿನೈಲ್ ಅಲ್ಲ, ಅರಗಿನವು. ಅರಗು, ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಕಾಯಿಸಿ ಅಚ್ಚೊತ್ತಿದ ಪ್ಲೇಟು ಅದು. ನಿಮಿಷಕ್ಕೆ 78 ಸುತ್ತು. ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಮೂರು, ಮೂರೂಕಾಲು ನಿಮಿಷದ ಹಾಡು ಹಿಡಿಸಿದರೆ ಹೆಚ್ಚು. ಕೈ ಜಾರಿದರೆ ಮನೆ ಹೆಂಚಿನ ಹಾಗೆ ಒಡೆಯುತ್ತದೆ. ವಿನೈಲಿನ ಎಲ್‌ಪಿ ಅಮೆರಿಕದಲ್ಲಿ ಬಂದದ್ದು 1948ರಲ್ಲಿ. ಅದು ಬಂದ ಮೇಲೆ ಬೇರೆ ದೇಶಗಳಲ್ಲಿ ಅರಗಿನ ಪ್ಲೇಟು ಬೇಗನೆ ಮರೆಯಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಹಳ್ಳಿಗಳಲ್ಲಿ ಕರೆಂಟಿಲ್ಲ, ಕೀಲಿ ಕೊಟ್ಟು ಹಾಡಿಸುವ ಯಂತ್ರಕ್ಕೆ ಕರೆಂಟಿನ ಹಂಗೂ ಇಲ್ಲ. 1960ರ ದಶಕದಲ್ಲಿ ಬೀಟಲ್ಸ್ ತಂಡದ ಹಾಡುಗಳು ಕೂಡ ಭಾರತದಲ್ಲಿ 78ರ ಪ್ಲೇಟಿನಲ್ಲಿ ಅಚ್ಚಾದವು. ಹೊರದೇಶದ ಸಂಗ್ರಾಹಕರು ಈಗಲೂ ಅವಕ್ಕಾಗಿ ಹುಡುಕಾಡುತ್ತಾರೆ.

ಕನ್ನಡದ ಪ್ಲೇಟು ಮುಂಬಯಿಯಲ್ಲಿ ಹೇಗೆ ಸಿಗುತ್ತದೆ ಎಂದು ಬೆಂಗಳೂರಿನ ಗೆಳೆಯರಿಗೆ ಆಶ್ಚರ್ಯ. 1956ಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲವೂ ಮುಂಬಯಿ ರಾಜ್ಯದ ಜಿಲ್ಲೆಗಳು. ಹಾಡುವವರು ರೈಲು ಹತ್ತಿ ಇಲ್ಲಿಗೆ ಬಂದು, ಕಂಪನಿಯ ಮೈಕಿನ ಮುಂದೆ ಹಾಡಿ ಹೋಗುತ್ತಿದ್ದರು. ಮಲ್ಲಿಕಾರ್ಜುನ ಮನಸೂರರು ಕೆಲಕಾಲ ಎಚ್‌ಎಂವಿಯ ಸಂಗೀತ ನಿರ್ದೇಶಕರಾಗಿಯೂ ಇದ್ದರು. ಬೀಳಗಿಯ ಅಮೀರ್‌ಬಾಯಿ ಮುಂಬಯಿಗೆ ಬಂದು ಹಾಡಿ, 1943ರ 'ಕಿಸ್ಮತ್' ಸಿನಿಮಾದಿಂದ ದೇಶಕ್ಕೆಲ್ಲ ಪರಿಚಿತರಾದರು. ಸೋದರಿ ಗೋಹರ್‌ಬಾಯಿ ಬಾಲಗಂಧರ್ವರ ನಾಟಕಗಳಲ್ಲಿ ಹಾಡಿದರು. ಇಬ್ಬರ ಹೆಸರಿನ ಜೊತೆಗೂ 'ಕರ್ನಾಟಕಿ' ಎಂಬುದು ಸೇರಿಕೊಂಡಿತು. ಊರಲ್ಲೇ ಇದ್ದವರಿಗೆ ಇಂಥ ಅಡ್ಡಹೆಸರು ಬೇಕಾಗುವುದಿಲ್ಲ, ಊರು ಬಿಟ್ಟು ಬಂದವರಿಗೇ ಬೇಕು. ಅಮೀರ್‌ಬಾಯಿಯವರ ಬದುಕನ್ನು ರಹಮತ್ ತರೀಕೆರೆಯವರು ಪುಸ್ತಕವಾಗಿಯೇ ಬರೆದಿದ್ದಾರೆ. ಮುಂಬಯಿ ಕನ್ನಡಿಗರು ಓದಬೇಕಾದದ್ದು.

ಗಿರಣಿಗೆ, ಹೋಟೆಲಿಗೆ, ಗೋದಿಗೆ ಕೆಲಸಕ್ಕೆಂದು ಬಂದ ನಮ್ಮವರಲ್ಲಿ ಕೆಲವರು ಚಾಳಿನ ಒಂದೇ ಕೋಣೆಯಲ್ಲೂ ಒಂದು ಪೆಟ್ಟಿಗೆ, ಹತ್ತು ಪ್ಲೇಟು ಇಟ್ಟುಕೊಂಡಿದ್ದರು. ಆ ಚಾಳುಗಳು ಈಗ ಒಂದೊಂದಾಗಿ ನೆಲಸಮವಾಗುತ್ತಿವೆ. ಬಿಲ್ಡರಿಗೆ ಕೀಲಿ ಕೊಡುವ ವಾರ ಅಟ್ಟ ಖಾಲಿ ಮಾಡುತ್ತಾರೆ. ಹಿತ್ತಾಳೆಯ ಕೊಡ ಹೊಸ ಮನೆಗೆ ಹೋಗುತ್ತದೆ, ಪ್ಲೇಟು ರದ್ದಿಯವನಿಗೆ ಹೋಗುತ್ತದೆ. ಅಲ್ಲಿಂದ ಅದೃಷ್ಟವಿದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ, ಇಲ್ಲವೇ ಪುಣೆಯ ಜೂನಾ ಬಜಾರಿಗೆ ಬರುತ್ತದೆ. ಅದೃಷ್ಟವಿಲ್ಲದಿದ್ದರೆ ಬಿಸಿನೀರಿನಲ್ಲಿ ಮೆತ್ತಗಾಗಿಸಿ ಯಾರೋ ಅದನ್ನು ಹೂವಿನ ಕುಂಡ ಮಾಡುತ್ತಾರೆ. ಅಂಥ ಒಂದು ಕುಂಡದ ತಳದಲ್ಲಿ 'ಕ್ಯಾನರೀಸ್' ಎಂಬ ಲೇಬಲ್ ಕಂಡು, ಮಣ್ಣು ಸುರಿದು ಅದನ್ನೂ ಕೊಂಡು ತಂದವನು ನಾನು. ಹಾಡಿಸಲಾಗುವುದಿಲ್ಲ. ಆದರೆ ಇಂಥದ್ದೊಂದು ಪ್ಲೇಟು ಬಂದಿತ್ತು ಎಂಬುದಕ್ಕೆ ಸಾಕ್ಷಿ.

'ಅಪರೂಪ' ಎನ್ನುವ ಮಾತಿನ ಬಗ್ಗೆ ಒಂದು ವಿಷಯ ಹೇಳಬೇಕು. ಪೇಟೆಯಲ್ಲಿ ಅಪರೂಪವೆಂದರೆ ದುಬಾರಿ. ಆದರೆ ದುಬಾರಿಯಾದದ್ದಕ್ಕೆ ಹೆದರಿಕೆಯಿಲ್ಲ, ಅದನ್ನು ಯಾರಾದರೂ ಜೋಪಾನ ಮಾಡುತ್ತಾರೆ. ಭೀಮಸೇನ ಜೋಶಿಯವರ ದಾಸವಾಣಿ, ರಾಜ್‌ಕುಮಾರ್ ಸಿನಿಮಾಗಳ ಹಾಡು ಇವೆಲ್ಲ ಎಲ್‌ಪಿಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿಡಿಗೆ, ಅಲ್ಲಿಂದ ಮೊಬೈಲಿಗೆ ತಾವಾಗಿಯೇ ದಾಟಿಕೊಂಡವು. ದಾಟದೆ ಉಳಿದವು ನಾಟಕ ಕಂಪನಿಯ ಹಾಡು, ಕೀರ್ತನಕಾರರ ತುಣುಕು, ಮೂರು ನಿಮಿಷದ ಹಾಸ್ಯ ಸಂಭಾಷಣೆ, ಒಂದೇ ಒಂದು ಪ್ಲೇಟು ಕೊಟ್ಟು ಮರೆಯಾದ ಗಾಯಕಿಯರು. ಮಾರಾಟವಾಗದ ಹಾಡನ್ನು ಯಾವ ಕಂಪನಿಯೂ ಮತ್ತೆ ಅಚ್ಚು ಹಾಕುವುದಿಲ್ಲ. ಇವಕ್ಕೆ ಬಜಾರಿನಲ್ಲಿ ನೂರು ರೂಪಾಯಿ ಬೆಲೆಯೂ ಇಲ್ಲ, ಹಾಗಾಗಿಯೇ ಇವು ಬೇಗ ಸಾಯುತ್ತವೆ.

ದೊಡ್ಡವರ ವಿಷಯದಲ್ಲೂ ಹಳೆಯ ಪ್ಲೇಟು ಮಾತ್ರ ಹೇಳಬಲ್ಲ ಸಂಗತಿಗಳಿವೆ. ಗಂಗೂಬಾಯಿ ಹಾನಗಲ್ಲರ ದನಿಯೆಂದರೆ ನಮಗೆಲ್ಲ ನೆನಪಾಗುವುದು ಆ ಗಂಭೀರವಾದ, ಗಂಡಸಿನದೋ ಎನ್ನಿಸುವ ದನಿ. ಅವರ ಮೊದಮೊದಲ ಪ್ಲೇಟುಗಳ ಮೇಲೆ 'ಗಾಂಧಾರಿ ಹಾನಗಲ್' ಎಂಬ ಹೆಸರಿದೆ, ಅದರಲ್ಲಿ ಎಳೆಯ ಹೆಣ್ಣುಮಗಳ ತೆಳುವಾದ, ಎತ್ತರದ ದನಿಯಿದೆ. ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ದನಿ ಬದಲಾಯಿತು. ಸುಳೇಭಾವಿಯ ಕುಮಾರ ಗಂಧರ್ವರು ಬಾಲಕನಾಗಿದ್ದಾಗಲೇ ಪ್ಲೇಟು ಕೊಟ್ಟವರು. ಮುಂದೆ ಕ್ಷಯ ತಗುಲಿ ಒಂದು ಶ್ವಾಸಕೋಶವೇ ಹೋಯಿತು. ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಎದ್ದಾಗ ಬೇರೆಯದೇ ಒಂದು ಗಾಯನ ಕಟ್ಟಿಕೊಂಡರು. ಆ ಹುಡುಗನ ದನಿಯೂ, ಈ ಗಾಂಧಾರಿಯ ದನಿಯೂ ಈಗ ಇರುವುದು ಅರಗಿನ ಗೆರೆಗಳಲ್ಲಿ ಮಾತ್ರ. ಅವನ್ನು ಕೇಳಿದ ಮೇಲೆ ಅವರ ಮುಂದಿನ ಹಾಡಿಕೆಯೂ ನನಗೆ ಬೇರೆಯಾಗಿ ಕೇಳಿಸತೊಡಗಿತು.

ಹಾಗಾದರೆ ಇವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬೇಕೋ, ಹಂಚಬೇಕೋ? ಈ ಪ್ರಶ್ನೆಗೆ ಹಂಚಬಾರದು ಎಂದು ಗಟ್ಟಿಯಾಗಿ ಹೇಳಿದವರು, ನನಗೆ ಪ್ಲೇಟು ಹಿಡಿಯುವುದನ್ನು ಕಲಿಸಿದ ಹಿರಿಯರೇ. ದಾದರಿನಲ್ಲಿದ್ದರು, ಊರು ಗದಗದ ಕಡೆ. ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಗೆರೆಗೆ ಬೆರಳು ತಾಗಬಾರದು, ನಿಲ್ಲಿಸಿ ಇಡಬೇಕು, ಒಂದರ ಮೇಲೊಂದು ಪೇರಿಸಬಾರದು ಎಂಬುದೆಲ್ಲ ಅವರು ಕಲಿಸಿದ ಪಾಠ. ಮನೆಗೆ ಹೋದರೆ ಚಹಾ ಕೊಟ್ಟು, ಮೂರು ಗಂಟೆ ಕೂಡಿಸಿ ಹಾಡು ಕೇಳಿಸುತ್ತಿದ್ದರು. ಆದರೆ ಪ್ರತಿ ಕೇಳಿದರೆ ಮುಖ ಬಿಗಿಯುತ್ತಿತ್ತು. "ತಮ್ಮಾ, ಪ್ಲೇಟು ಅಂದ್ರ ಮನಿ ಬಂಗಾರ ಇದ್ದಂಗ. ತೋರಸಬೇಕು, ಕೊಡಬಾರದು. ಕೊಟ್ರ ಬೆಲಿ ಎಲ್ಲಿ ಉಳೀತದ?"

ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಂಬಳದ ದುಡ್ಡು ಉಳಿಸಿ, ಮಳೆಯಲ್ಲಿ ನೆನೆದು, ಊರೂರು ಅಲೆದು ಕೂಡಿಸಿದವರು. ಹಿಂದೊಮ್ಮೆ ನಂಬಿ ಕೊಟ್ಟ ಪ್ರತಿಯನ್ನು ಯಾರೋ ಕ್ಯಾಸೆಟ್ಟು ಮಾಡಿ ಮಾರಿಕೊಂಡಿದ್ದರು. ಆ ಗಾಯ ಆರಿರಲಿಲ್ಲ. ಅವರ ಸಂಗ್ರಹದ ಪಟ್ಟಿ ಎಲ್ಲೂ ಬರೆದಿಟ್ಟಿರಲಿಲ್ಲ. ಯಾವ ಪ್ಲೇಟು ಎಲ್ಲಿದೆ, ಯಾರು ಹಾಡಿದ್ದು, ಯಾವ ನಾಟಕದ್ದು ಎಲ್ಲವೂ ತಲೆಯಲ್ಲಿತ್ತು.

ಅವರು ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡಿದರು. ಮಕ್ಕಳದೂ ತಪ್ಪೆನ್ನಲಾರೆ, ಪರದೇಶದಿಂದ ಹದಿನೈದು ದಿನದ ರಜೆಯಲ್ಲಿ ಬಂದವರು. ನನಗೆ ಸುದ್ದಿ ತಿಳಿದು ಹೋಗುವಷ್ಟರಲ್ಲಿ ಗೋಡೆಯ ಮೇಲೆ ಕಪಾಟಿನ ಗುರುತು ಮಾತ್ರ ಉಳಿದಿತ್ತು. ಎರಡು ತಿಂಗಳ ನಂತರ ಮಟನ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಅವರ ಅಕ್ಷರವಿದ್ದ ಕಾಗದದ ಚೀಲ ಕಂಡಿತು. 'ಎರಡನೇ ಬದಿ ಚೊಲೊ ಅದ' ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಒಳಗೆ ಬೇರೆ ಯಾವುದೋ ಸಿನಿಮಾದ ಪ್ಲೇಟು ಇತ್ತು. ಚೊಲೊ ಇದ್ದ ಆ ಎರಡನೇ ಬದಿ ಯಾವುದು, ಯಾರ ಕೈ ಸೇರಿತು, ಯಾರೂ ಹೇಳಲಾರರು. ನನಗೀಗ ಅರವತ್ತೆಂಟು. ನನ್ನ ಮಗನೂ ಹೊರದೇಶದಲ್ಲಿದ್ದಾನೆ, ಅವನಿಗೂ ಸಿಗುವುದು ಹದಿನೈದು ದಿನದ ರಜೆಯೇ.

ಹಂಚತೊಡಗಿದ ಮೇಲೆ ನಡೆದ ಒಂದು ಸಂಗತಿ ಹೇಳುತ್ತೇನೆ. ನನ್ನಲ್ಲಿ ಒಂದು ಕನ್ನಡ ನಾಟಕದ ಹಾಡಿನ ಪ್ಲೇಟು ಇದೆ. ಅಂಚಿನಲ್ಲಿ ಬೆರಳಗಲದ ಚೂರು ಹಾರಿಹೋಗಿದೆ. ಹಾಗಾಗಿ ಹಾಡಿನ ಪಲ್ಲವಿಯ ಮೊದಲ ಸಾಲೇ ಇಲ್ಲ, ಹಾರ್ಮೋನಿಯಂ ದಾಟಿ ನಡುವಿನಿಂದ ಹಾಡು ಶುರುವಾಗುತ್ತದೆ. ಲೇಬಲ್ಲಿನ ಮೇಲೆ 'ಮಿಸ್' ಎಂಬಷ್ಟು ಓದಲು ಬರುತ್ತದೆ, ಮುಂದಿನದು ಸವೆದಿದೆ. ನಾಟಕದ ನಟಿಯರಿಗೆಲ್ಲ ಆಗ 'ಮಿಸ್' ಎಂದೇ ಹಾಕುತ್ತಿದ್ದರು. ಇದ್ದಷ್ಟನ್ನೇ ಇಳಿಸಿ ಹತ್ತಾರು ಮಂದಿಗೆ ಕಳಿಸಿದೆ. ಎಂಟು ತಿಂಗಳಾದ ಮೇಲೆ ಪುಣೆಯಿಂದ ಒಬ್ಬರು ಫೋನು ಮಾಡಿದರು. ಅವರ ಅಜ್ಜನ ಪೆಟ್ಟಿಗೆಯಲ್ಲಿ ಅದೇ ಪ್ಲೇಟು ಇತ್ತು. ಅಂಚು ಸರಿಯಾಗಿದೆ, ಆದರೆ ನಡುವೆ ಗೆರೆ ಕಿತ್ತುಹೋಗಿ, ಮುಳ್ಳು ಅಲ್ಲೇ ಸಿಕ್ಕಿಬಿದ್ದು ಒಂದೇ ಶಬ್ದವನ್ನು ತಿರುತಿರುಗಿ ಹೇಳುತ್ತದೆ. ಅವರು ಮೊದಲರ್ಧ ಕಳಿಸಿದರು, ನನ್ನಲ್ಲಿ ಎರಡನೆಯದು ಇತ್ತು. ಎರಡು ಯಂತ್ರಗಳ ವೇಗ ಕೂದಲೆಳೆಯಷ್ಟು ಬೇರೆ. ಹಾರ್ಮೋನಿಯಂ ಶ್ರುತಿ ಹಿಡಿದು ಸರಿಹೊಂದಿಸಲು ಮೂರು ಸಂಜೆ ಬೇಕಾಯಿತು. ನಾಲ್ಕನೇ ಸಂಜೆ ಹಾಡು ಮೊದಲಿನಿಂದ ಕೊನೆಯವರೆಗೆ ಕೇಳಿತು. ಆ ಹಾಡು ಇಡಿಯಾಗಿ ಯಾರ ಮನೆಯಲ್ಲೂ ಇರಲಿಲ್ಲ, ನಮ್ಮಿಬ್ಬರ ಮನೆಯಲ್ಲೂ ಅರ್ಧರ್ಧ ಇತ್ತು. ಬೀಗ ಹಾಕಿಟ್ಟಿದ್ದರೆ ಇಬ್ಬರೂ ಒಂದೊಂದು ಒಡಕು ಪ್ಲೇಟಿನ ಒಡೆಯರಾಗಿಯೇ ಉಳಿಯುತ್ತಿದ್ದೆವು.

ಅದು ಅಲ್ಲಿಗೆ ನಿಲ್ಲಲಿಲ್ಲ. ಜೋಡಿಸಿದ ಹಾಡು ಕೈಯಿಂದ ಕೈಗೆ ಹೋಗಿ ಹುಬ್ಬಳ್ಳಿಯ ಒಬ್ಬ ಅಜ್ಜನಿಗೆ ಮುಟ್ಟಿತು. ಸಣ್ಣ ಹುಡುಗನಿದ್ದಾಗ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿದವರು. ಮೊಮ್ಮಗಳ ಫೋನಿನಿಂದ ನನಗೆ ಒಂದು ಧ್ವನಿಸಂದೇಶ ಕಳಿಸಿದರು. "ನೀವು ಬರದ ಸಾಹಿತ್ಯದಾಗ ಎರಡು ಶಬ್ದ ತಪ್ಪ ಅವ ನೋಡ್ರಿ. ಇದು ತಾಯಿ ಮಗನ್ನ ಯುದ್ಧಕ್ಕ ಕಳಸೋ ಹಾಡು. ಅಕೀ ಅಳಂಗಿಲ್ಲ, ಅದಕ್ಕ ದನಿ ಹಂಗ ತಡದು ತಡದು ಬರ್ತದ." ಮುಳ್ಳು ಎಡವುತ್ತಿದೆ ಎಂದು ನಾವು ತಿಳಿದ ಜಾಗದಲ್ಲಿ ಆ ನಟಿ ಅಳು ನುಂಗುತ್ತಿದ್ದಳು. ಸದ್ಯ, ಆ ಜಾಗವನ್ನು ಕಂಪ್ಯೂಟರಿನಲ್ಲಿ ನುಣ್ಣಗೆ ಮಾಡಲು ನಾವಿಬ್ಬರೂ ಕೈಹಾಕಿರಲಿಲ್ಲ.

ನಾನು ಒಬ್ಬನೇ ಮಾಡುವ ಕೆಲಸವೇನೂ ಇದಲ್ಲ. ಮುಂಬಯಿಯಲ್ಲಿ 1990ರಲ್ಲಿ ಸುರೇಶ ಚಾಂದವಣಕರ ಮುಂತಾದವರು ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಕೂಟ ಕಟ್ಟಿ, 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆಯನ್ನೂ ತಂದರು. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಗೋಹರ್ ಜಾನ್ ಜೀವನಚರಿತ್ರೆ ಬರೆದ ಮೇಲೆ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಆರಂಭಿಸಿ, ನೂರು ವರ್ಷದ ಹಿಂದಿನ ದನಿಗಳನ್ನು ಯಾರು ಬೇಕಾದರೂ ಕೇಳುವ ಹಾಗೆ ಮಾಡಿದರು. ನಮ್ಮಂಥವರದು ಅಳಿಲ ಸೇವೆ. ಕನ್ನಡದ ಸಣ್ಣಪುಟ್ಟ ಪ್ಲೇಟುಗಳ ಪಾಲಿಗೆ ಮಾತ್ರ ಬಹಳ ಸಲ ಅಳಿಲೇ ಗತಿ.

ಹಂಚುವುದು ಕಾನೂನಿಗೆ ಸರಿಯೇ ಎಂದು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. ನಮ್ಮ ದೇಶದ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ. 1960ರಲ್ಲಿ ಬಂದ ಪ್ಲೇಟಿನ ಹಕ್ಕು 2020ರ ಕೊನೆಗೆ ಮುಗಿಯಿತು. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಆದ್ದರಿಂದ ನಾನು ಎರಡು ಕಟ್ಟಳೆ ಹಾಕಿಕೊಂಡಿದ್ದೇನೆ. ಕಂಪನಿ ಇಂದಿಗೂ ಮಾರುತ್ತಿರುವ ಹಾಡನ್ನು ಹಂಚುವುದಿಲ್ಲ, ಕೊಂಡು ಕೇಳಿ ಎನ್ನುತ್ತೇನೆ. ಕವಿಯ ಮನೆಯವರು ಯಾರೆಂದು ಗೊತ್ತಿದ್ದರೆ ಅವರನ್ನು ಕೇಳಿಯೇ ಮುಂದುವರಿಯುತ್ತೇನೆ. ಈವರೆಗೆ ಬೇಡ ಎಂದವರಿಲ್ಲ. ಒಬ್ಬರಂತೂ ತಮ್ಮ ತಂದೆಯ ಹಾಡು ಪ್ಲೇಟಾಗಿತ್ತೆಂಬುದನ್ನೇ ನನ್ನಿಂದ ತಿಳಿದರು.

ನಾನು ಕಳಿಸಿದ ಹಾಡಿಗೆ ತಮ್ಮ ಹೆಸರಿನ ಮುದ್ರೆ ಒತ್ತಿ ಹಂಚಿದವರೂ ಇದ್ದಾರೆ. ಮೊದಲ ಸಲ ಹೊಟ್ಟೆ ಉರಿಯಿತು. ಆಮೇಲೆ ಯೋಚಿಸಿದೆ: ಹಾಡಿದವಳ ಹೆಸರೇ ಸವೆದುಹೋಗಿರುವಾಗ, ಕೊಂಡು ತಂದವನ ಹೆಸರಿಗೆ ಇಷ್ಟೊಂದು ಪರದಾಟವೇಕೆ? ಈಗ ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಹಾಡಿನ ಜೊತೆ ಲೇಬಲ್ಲಿನ ಚಿತ್ರ ಮತ್ತು ಲೇಬಲ್ಲಿನ ಪಕ್ಕ ಅರಗಿನಲ್ಲೇ ಒತ್ತಿರುವ ಸಂಖ್ಯೆ, ಇವೆರಡನ್ನು ಬಿಡಿಸಬೇಡಿ. ಆ ಸಂಖ್ಯೆಯಿಂದಲೇ ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಮುದ್ರಣವಾಯಿತೆಂದು ಬಲ್ಲವರು ಹುಡುಕಬಲ್ಲರು.

ನಿಮ್ಮ ಮನೆಯಲ್ಲೂ, ಊರಿನ ಮನೆಯ ಅಟ್ಟದಲ್ಲೂ ಪ್ಲೇಟುಗಳಿದ್ದರೆ ಕೆಲವು ಮಾತು. ಅರಗಿನ ಪ್ಲೇಟನ್ನು ಸ್ಪಿರಿಟ್ಟಿನಿಂದಾಗಲಿ, ಸ್ಯಾನಿಟೈಸರಿನಿಂದಾಗಲಿ ಒರೆಸಬೇಡಿ, ಅರಗು ಕರಗುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಒಂದೆರಡು ಹನಿ ಮೆದು ಸೋಪು ಹಾಕಿ, ಮೆತ್ತನೆ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ಲೇಬಲ್ ನೆನೆಯದಿರಲಿ. ಹೊಸ ಟರ್ನ್‌ಟೇಬಲ್ ಇದೆಯೆಂದು ಅದರ ಮೇಲೆ ಇಟ್ಟು ಹಾಡಿಸಬೇಡಿ. 78ರ ಗೆರೆ ಎಲ್‌ಪಿಯದಕ್ಕಿಂತ ಮೂರು ಪಟ್ಟು ಅಗಲ. ಎಲ್‌ಪಿಯ ಮುಳ್ಳು ಗೆರೆಯ ತಳಕ್ಕೆ ಇಳಿದು ಕಸದಲ್ಲೇ ಓಡುತ್ತದೆ, ಹಾಡಿಗಿಂತ ಗರಗರವೇ ಹೆಚ್ಚು ಕೇಳುತ್ತದೆ. ಅದಕ್ಕೆಂದೇ ಬೇರೆ ಮುಳ್ಳು ಸಿಗುತ್ತದೆ. ಹಳೆಯ ಕೀಲಿ ಯಂತ್ರದ ಉಕ್ಕಿನ ಮುಳ್ಳನ್ನು ಒಂದು ಬದಿಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಅದೇ ಪ್ಲೇಟನ್ನು ಕೊರೆಯುತ್ತದೆ. ಕಂಪ್ಯೂಟರಿಗೆ ಇಳಿಸಿದ ಮೊದಲ ಪ್ರತಿಯನ್ನು ಗರಗರ ಸಮೇತ ಹಾಗೇ ಇಡಿ. ಶುಚಿ ಮಾಡುವುದಿದ್ದರೆ ಇನ್ನೊಂದು ಪ್ರತಿಯಲ್ಲಿ ಮಾಡಿ. ಇದಾವುದೂ ಆಗದಿದ್ದರೆ ಲೇಬಲ್ಲಿನ ಚಿತ್ರವನ್ನಾದರೂ ಎರಡೂ ಬದಿ ತೆಗೆದಿಡಿ.

ಗೋಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡು ಮುದ್ರಿಸಿದಾಗ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಕೂಗಿ ಹೇಳಿದರು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಲೇಬಲ್ ಅಂಟಿಸಬೇಕೆಂದು ತಿಳಿಯಲಿ ಎಂಬುದೇ ಅದರ ಉದ್ದೇಶ. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕೂಗಿನಿಂದಾಗಿ ನೂರಿಪ್ಪತ್ತು ವರ್ಷದ ಮೇಲೂ ಆ ದನಿ ಯಾರದೆಂದು ಯಾರೂ ಕೇಳಬೇಕಾಗಿಲ್ಲ. ನಮ್ಮ ನಾಟಕದ 'ಮಿಸ್' ಹೆಸರು ಹೇಳಿ ಹೋಗಲಿಲ್ಲ. ಪುಣೆಯ ಪ್ಲೇಟಿನಲ್ಲೂ ಲೇಬಲ್ ಅದೇ ಜಾಗದಲ್ಲಿ ಸವೆದಿದೆ. ಎಲ್ಲೋ ಒಂದು ಮನೆಯಲ್ಲಿ, ಮೂರನೆಯ ಪ್ಲೇಟಿನ ಮೇಲೆ, ಆ ಹೆಸರು ಉಳಿದಿರಬಹುದು. ಸೊಲ್ಲಾಪುರದಲ್ಲಿರಬಹುದು, ಹೈದರಾಬಾದಿನಲ್ಲಿರಬಹುದು, ನಿಮ್ಮ ಸೋದರತ್ತೆಯ ಮಂಚದ ಕೆಳಗೂ ಇರಬಹುದು. ಈ ಸಲ ಊರಿಗೆ ಹೋದಾಗ ಒಮ್ಮೆ ಬಗ್ಗಿ ನೋಡಿ.